ದೋಣಿಯ ಮುಂದೆ ಯಾರು ನಿಲ್ಲಬೇಕು: ಒಂದು ವಿಡಿಯೋ ಗೇಮಿನ ಮುಖಚಿತ್ರದ ಪ್ರಕರಣ

ಹಿನ್ನೆಲೆ

ಈ ಪ್ರಕರಣ ಮಂಗಳೂರಿನ ಒಂದು ಸಣ್ಣ ವಿಡಿಯೋ ಗೇಮ್ ಸಂಸ್ಥೆಯದು. ಸಂಸ್ಥೆಯ, ಆಟದ ಮತ್ತು ಅಲ್ಲಿ ದುಡಿದವರ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾವ ತೀರ್ಮಾನದ ಹಿಂದೆ ಯಾವ ತೀರ್ಮಾನ ಬಂತು ಎಂಬ ಕ್ರಮವನ್ನು ಮಾತ್ರ ನಡೆದಂತೆಯೇ ಇಟ್ಟಿದ್ದೇನೆ. ಆನ್‌ಲೈನ್ ಅಂಗಡಿಯಲ್ಲಿ ಆಟವನ್ನು ಪರಿಚಯಿಸುವ ಪುಟದ, ಅಂದರೆ ಅಂಗಡಿ ಪುಟದ ಬರಹ, ಟ್ರೇಲರಿನ ಮಾತು ಮತ್ತು ಪತ್ರಿಕಾ ಪ್ರಕಟಣೆಗಳನ್ನು ಬರೆದುಕೊಡಲು ನನ್ನನ್ನು ಹೊರಗಿನಿಂದ ಕರೆದಿದ್ದರು. ಹಾಗಾಗಿ ನಾನು ದೂರ ನಿಂತು ನೋಡಿದವನಲ್ಲ. ಕೆಳಗೆ ಹೇಳುವ ತಪ್ಪುಗಳಲ್ಲಿ ಒಂದೆರಡರಲ್ಲಿ ನನ್ನ ಕೈಯೂ ಇದೆ.

ಸಂಸ್ಥೆಯಲ್ಲಿದ್ದವರು ಒಂಬತ್ತು ಮಂದಿ. ಬೇರೆಯವರ ಆಟಗಳಿಗೆ ಚಿತ್ರ ಮತ್ತು ಅನಿಮೇಷನ್ ಮಾಡಿಕೊಟ್ಟು ಬಂದ ಹಣದಲ್ಲಿ, ರಾತ್ರಿ ಮತ್ತು ಭಾನುವಾರಗಳನ್ನು ಸೇರಿಸಿ, ತಮ್ಮದೇ ಆದ ಒಂದು ಆಟವನ್ನು ಮೂರು ವರ್ಷಗಳಿಂದ ಕಟ್ಟುತ್ತಿದ್ದರು. ಆಟದ ನಾಯಕಿಯನ್ನು ಇಲ್ಲಿ ಸೀತು ಎಂದು ಕರೆಯುತ್ತೇನೆ. ವಯಸ್ಸು ಮೂವತ್ತೈದರ ಆಸುಪಾಸು, ಮನೆ ಮಲ್ಪೆಯ ಬಳಿ, ಕೆಲಸ ಮೀನು ಮಾರುವುದು. ನಮ್ಮ ಕರಾವಳಿಯಲ್ಲಿ ಕಡಲಿಗೆ ಇಳಿಯುವುದು ಗಂಡಸರ ಪಾಲಿಗೂ, ಬಂದ ಮೀನನ್ನು ಹರಾಜಿನಲ್ಲಿ ಹಿಡಿದು ಬುಟ್ಟಿಯಲ್ಲಿ ಹೊತ್ತು ಮಾರುವುದು ಹೆಂಗಸರ ಪಾಲಿಗೂ ಹಂಚಿಹೋಗಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸೀತುವಿನ ಅಣ್ಣ ಮಳೆಗಾಲದ ಒಂದು ದಿನ ಕಡಲಿಗೆ ಹೋದವನು ಹಿಂತಿರುಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಕಾರಣ ದೊಡ್ಡ ದೋಣಿಗಳೆಲ್ಲ ಬಂದರಿನಲ್ಲಿ ಕಟ್ಟಿ ಹಾಕಿಕೊಂಡಿರುತ್ತವೆ. ಆಗ ಸೀತು ಅಪ್ಪನ ಕಾಲದ ನಾಡದೋಣಿಯನ್ನು ತಾನೇ ನೀರಿಗೆ ಇಳಿಸುತ್ತಾಳೆ. ಆಟ ಶುರುವಾಗುವುದು ಅಲ್ಲಿಂದ. ಸೇಂಟ್ ಮೇರಿಸ್ ದ್ವೀಪದ ಆರು ಮೂಲೆಯ ಕಲ್ಲಿನ ಕಂಬಗಳ ನಡುವೆ ದೋಣಿ ತೂರಿಸುವ ಅಧ್ಯಾಯವನ್ನು ನಾನು ಹತ್ತಾರು ಬಾರಿ ಆಡಿದ್ದೇನೆ. ಈಗಲೂ ಅಲ್ಲಿ ನನ್ನ ಉಸಿರು ಬಿಗಿಯಾಗುತ್ತದೆ.

ಸೀತುವನ್ನು ಬರೆದವರೂ ಬಿಡಿಸಿದವರೂ ಒಬ್ಬರೇ. ಸಂಸ್ಥೆಯ ಮುಖ್ಯ ಕಲಾವಿದೆಯಾದ ಅವರು ಮೀನುಗಾರ ಕುಟುಂಬದಿಂದಲೇ ಬಂದವರು, ಎಲ್ಲರಿಗೂ ಅಕ್ಕ. ಸಂಸ್ಥೆಯ ಸ್ಥಾಪಕರು ಅವರಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಸಂಬಳ ಕೊಡುವವರು ತಾವಾದರೂ ಅವರೂ ಅಕ್ಕ ಎಂದೇ ಕರೆಯುತ್ತಿದ್ದರು.

ಪ್ರಕಾಶಕರ ಪತ್ರ

ಮಾರ್ಚ್ ತಿಂಗಳಲ್ಲಿ ಹೊರರಾಜ್ಯದ ಒಂದು ಪ್ರಕಾಶಕ ಸಂಸ್ಥೆ ಆಟವನ್ನು ಹೊರತರಲು ಆಸಕ್ತಿ ತೋರಿಸಿತು. ಮುಂಗಡ ಹಣ ಕೊಡುವುದಾಗಿ, ಪ್ರಚಾರದ ಖರ್ಚು ತಾನೇ ನೋಡಿಕೊಳ್ಳುವುದಾಗಿ ಹೇಳಿತು. ಅದರ ಜೊತೆಗೇ ಬಂದ ಪತ್ರದಲ್ಲಿ ನಾಲ್ಕು ಸೂಚನೆಗಳಿದ್ದವು. ಮುಖಚಿತ್ರದಲ್ಲಿ ಅಣ್ಣ ಮುಂದೆ ಇರಲಿ, ಸೀತು ಹಿಂದೆ ಇರಲಿ. ಸೀತುವಿನ ವಯಸ್ಸನ್ನು ಹತ್ತು ವರ್ಷವಾದರೂ ಇಳಿಸಿ, ಬಣ್ಣ ಸ್ವಲ್ಪ ತಿಳಿಯಾಗಲಿ. ಟ್ರೇಲರ್ ಅಣ್ಣನ ದನಿಯಿಂದ ಆರಂಭವಾಗಲಿ. ಅಂಗಡಿ ಪುಟದ ಮೊದಲ ವಾಕ್ಯದಲ್ಲಿ 'ಅವಳು' ಎನ್ನುವ ಬದಲು 'ಒಂದು ಕುಟುಂಬ' ಎನ್ನಿ. ಆಟದೊಳಗಿನ ಒಂದು ಗೆರೆಯನ್ನೂ ಬದಲಿಸುವುದು ಬೇಡ, ನಿಮ್ಮ ಕಥೆಯನ್ನು ನಾವು ಗೌರವಿಸುತ್ತೇವೆ ಎಂದೂ ಬರೆದಿದ್ದರು. ಅಣ್ಣ ಆಟದಲ್ಲಿ ಕಾಣಿಸಿಕೊಳ್ಳುವುದು ಮೊದಲ ದೃಶ್ಯದಲ್ಲಿ ಮತ್ತು ಕೊನೆಯ ದೃಶ್ಯದಲ್ಲಿ ಮಾತ್ರ. ಕಾಣೆಯಾದವನನ್ನೇ ಮುಖಚಿತ್ರದ ನಡುವೆ ನಿಲ್ಲಿಸಿ ಎಂದು ಕೇಳಿದ ಹಾಗಾಯಿತು.

ಸೂಚನೆ ಹೊಸದೇನಲ್ಲ. 2013ರ 'ದಿ ಲಾಸ್ಟ್ ಆಫ್ ಅಸ್' ಆಟದ ಮುಖಚಿತ್ರದಲ್ಲಿ 'ಎಲ್ಲೀ' ಎಂಬ ಹುಡುಗಿಯನ್ನು ಹಿಂಬದಿಗೆ ಸರಿಸಿ ಎಂಬ ಸಲಹೆ ಬಂದಿತ್ತು; ಆಟ ಕಟ್ಟಿದ ನಾಟಿ ಡಾಗ್ ತಂಡ ಒಪ್ಪಲಿಲ್ಲ. ಅದೇ ವರ್ಷದ 'ಬಯೋಶಾಕ್ ಇನ್‌ಫಿನಿಟ್' ಆಟದಲ್ಲಿ ಕಥೆಯ ಜೀವವೇ ಆಗಿದ್ದ ಎಲಿಜಬೆತ್ ಮುಖಚಿತ್ರದ ಮುಂಬದಿಯಲ್ಲಿ ಇರಲೇ ಇಲ್ಲ. ಬಂದೂಕು ಹಿಡಿದ ನಾಯಕ ಬೂಕರ್ ಒಬ್ಬನೇ ನಿಂತಿದ್ದ. 2018ರ 'ಅಸ್ಸಾಸಿನ್ಸ್ ಕ್ರೀಡ್ ಒಡಿಸ್ಸಿ'ಯಲ್ಲಿ ಕಸಾಂಡ್ರಾ ಒಬ್ಬಳೇ ಮುಖ್ಯ ಪಾತ್ರವಾಗಬೇಕೆಂದು ತಂಡ ಬಯಸಿತ್ತು, ಹೆಣ್ಣು ಪಾತ್ರ ಮಾರಾಟವಾಗುವುದಿಲ್ಲ ಎಂಬ ವಾದದಿಂದ ಅದು ಕೈಗೂಡಲಿಲ್ಲ ಎಂದು 2020ರಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತು. ಕೋಟಿಗಟ್ಟಲೆ ಹಣ ಹಾಕುವ ಕಡೆ ನಡೆದ ಮಾತು ನಮ್ಮ ಒಂಬತ್ತು ಮಂದಿಯ ಕೋಣೆಗೆ ತಲುಪಲು ಹೆಚ್ಚು ಕಾಲ ಬೇಕಾಗಲಿಲ್ಲ.

ಕೋಣೆಯಲ್ಲಿ ನಡೆದ ವಾದವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ಯಾರೂ ದುರುದ್ದೇಶದಿಂದ ಮಾತಾಡಿದವರಿರಲಿಲ್ಲ. ಸ್ಥಾಪಕರ ಮೇಲೆ ಒಂಬತ್ತು ಮನೆಗಳ ಸಂಬಳದ ಹೊಣೆ ಇತ್ತು. "ಒಂದು ಚಿತ್ರ ಅಲ್ವಾ ಅಕ್ಕ, ಒಳಗೆ ಹೇಗೂ ಅವಳೇ ಇದ್ದಾಳಲ್ಲ" ಎಂದರು ಅವರು. "ಒಳಗೆ ಬಂದವರಿಗೆ ಮಾತ್ರ ಒಳಗೆ ಇರುವುದು ಕಾಣುವುದು ಮಾರಾಯಾ" ಎಂದರು ಅಕ್ಕ. ಸ್ಥಾಪಕರು ಯಕ್ಷಗಾನದ ಮಾತು ತೆಗೆದರು: ದೇವೀ ಮಹಾತ್ಮೆ ಆಟಕ್ಕೆ ಜನ ನಿದ್ದೆಗೆಟ್ಟು ಕಾದಿರುವುದು ಮಹಿಷಾಸುರನ ಪ್ರವೇಶ ನೋಡಲಿಕ್ಕೆ, ದೊಂದಿಯ ಬೆಳಕಿನಲ್ಲಿ ಅವನು ಸಭೆಯ ನಡುವಿನಿಂದ ಬರುವುದನ್ನು ನೋಡಲಿಕ್ಕೆ, ಹಾಗೆಂದು ದೇವಿಯ ಮಹಿಮೆ ಕಡಿಮೆಯಾಯಿತೇ ಎಂದು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹರಕೆ ಹೊರುವುದು ಯಾರಿಗೆ? ದೇವಿಗೆ. ಪ್ರಸಂಗದ ಹೆಸರೂ ಅವಳದ್ದೇ. ಮಹಿಷಾಸುರನ ಹೆಸರು ಹಾಕಿ ಯಾವ ಮೇಳ ಹರಕೆಯ ಆಟ ಆಡಿಸಿದೆ ಹೇಳು" ಎಂದರು. ಆ ಉತ್ತರಕ್ಕೆ ಯಾರ ಬಳಿಯೂ ಮಾತಿರಲಿಲ್ಲ. ಆದರೆ ಸಂಬಳದ ಪ್ರಶ್ನೆ ಅಲ್ಲೇ ಉಳಿಯಿತು.

ಅಣ್ಣ ಬೇಡವೆಂದಾದರೆ ಸೀತುವನ್ನು ಉಳ್ಳಾಲದ ಅಬ್ಬಕ್ಕ ರಾಣಿಯ ಹಾಗೆ ತೋರಿಸಬಹುದು, ಕೈಯಲ್ಲಿ ಆಯುಧವಿರಲಿ ಎಂಬ ಇನ್ನೊಂದು ಮಾತೂ ಪ್ರಕಾಶಕರ ಕಡೆಯಿಂದ ಬಂತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಅಬ್ಬಕ್ಕನ ಬಗ್ಗೆ ಈ ಊರಿನವರಿಗೆ ಇರುವ ಅಭಿಮಾನವನ್ನು ವಿವರಿಸಬೇಕಾಗಿಲ್ಲ. ಕರಾವಳಿ ಕಾವಲು ಪಡೆಯ ಒಂದು ನೌಕೆಗೂ ಅವಳ ಹೆಸರಿದೆ. ಆದರೂ ಈ ಸಲಹೆ ನನ್ನನ್ನು ಮೊದಲನೆಯದಕ್ಕಿಂತ ಹೆಚ್ಚು ನೋಯಿಸಿತು. ರಾಣಿಯಾದರೆ, ಕತ್ತಿ ಹಿಡಿದರೆ ಹೆಣ್ಣು ಮುಂದೆ ನಿಲ್ಲಬಹುದು, ಬುಟ್ಟಿ ಹೊತ್ತರೆ ನಿಲ್ಲಬಾರದು ಎಂಬ ಲೆಕ್ಕ ಅದರೊಳಗಿತ್ತು.

ಮೊದಲ ಪ್ರಯತ್ನ ಮತ್ತು ಅದಕ್ಕೆ ತೆತ್ತ ಬೆಲೆ

ಕೊನೆಗೆ ರಾಜಿಯಾಯಿತು. ಹೊಸ ಮುಖಚಿತ್ರದಲ್ಲಿ ಆಕಾಶದ ತುಂಬ ಅಣ್ಣನ ಮುಖ, ಅದರ ಕೆಳಗೆ ಕಡಲು, ಕಡಲಿನಲ್ಲಿ ಬೆನ್ನು ಮಾಡಿ ನಿಂತ ಸೀತು. ಅಂಗಡಿ ಪುಟದ ವಾಕ್ಯವನ್ನು 'ಕಡಲು ನುಂಗಿದ ಒಂದು ಕುಟುಂಬದ ಕಥೆ' ಎಂದು ಬದಲಿಸಿಕೊಟ್ಟವನು ನಾನೇ. ವಾಕ್ಯ ಚೆನ್ನಾಗಿದೆ ಎಂದು ಆಗ ನನಗೆ ನಿಜವಾಗಿಯೂ ಅನ್ನಿಸಿತ್ತು.

ಆ ಚಿತ್ರದೊಂದಿಗೆ ಆಟವನ್ನು, ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಜೂನ್ ತಿಂಗಳ ನೆಕ್ಸ್ಟ್ ಫೆಸ್ಟ್‌ಗೆ ಕಳಿಸಿದೆವು. ಇನ್ನೂ ಬಿಡುಗಡೆಯಾಗದ ಆಟಗಳ ಡೆಮೊಗಳನ್ನು ಉಚಿತವಾಗಿ ಆಡಲು ಬಿಡುವ ಈ ಮೇಳ ವರ್ಷಕ್ಕೆ ಮೂರು ಬಾರಿ ನಡೆಯುತ್ತದೆ, ಆದರೆ ಒಂದು ಆಟಕ್ಕೆ ಸಿಗುವುದು ಒಂದೇ ಬಾರಿ. ಸಣ್ಣ ಸಂಸ್ಥೆಗೆ ಅದಕ್ಕಿಂತ ದೊಡ್ಡ ಉಚಿತ ಪ್ರಚಾರ ಇನ್ನೊಂದಿಲ್ಲ. ಒಪ್ಪಂದಕ್ಕೆ ಸಹಿಯೇ ಆಗಿರಲಿಲ್ಲ. ಆದರೂ ಆ ಒಂದೇ ಅವಕಾಶವನ್ನು ನಮಗೇ ಒಪ್ಪಿಗೆಯಿಲ್ಲದ ಚಿತ್ರದ ಮೇಲೆ ಖರ್ಚು ಮಾಡಿಬಿಟ್ಟೆವು. ಇಡೀ ಪ್ರಕರಣದಲ್ಲಿ ಮರಳಿ ಸರಿಪಡಿಸಲಾಗದ ತೀರ್ಮಾನ ಇದೊಂದೇ.

ಡೆಮೊ ಆಡಿದವರು ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದದ್ದು ಒಂದೇ: ಅಣ್ಣನನ್ನು ಆಡಿಸಲು ಯಾವ ಅಧ್ಯಾಯದಿಂದ ಸಿಗುತ್ತದೆ? ಅದೇ ದಿನಗಳಲ್ಲಿ ಇಲ್ಲಿನ ಒಂದು ಕಾಲೇಜು ಉತ್ಸವದಲ್ಲಿ ನಮ್ಮ ಮೇಜಿನ ಬಳಿ ಕುಳಿತ ಹುಡುಗನೊಬ್ಬ ಹುಟ್ಟು ಹಾಕುವುದನ್ನು ಕಲಿತು, ಅಲೆ ದಾಟಿ, ಮೊದಲ ಅಧ್ಯಾಯವನ್ನು ಚೆನ್ನಾಗಿಯೇ ಮುಗಿಸಿ, "ಇದು ಟ್ರೇನಿಂಗ್ ಅಲ್ವಾ, ಮೇನ್ ಗೇಮ್ ಯಾವಾಗ ಶುರು?" ಎಂದು ಕೇಳಿದ. ಆಟ ಅವನಿಗೆ ಹಿಡಿಸಿತ್ತು. ಫಲಕದ ಮೇಲೆ ಅಷ್ಟು ದೊಡ್ಡದಾಗಿ ಕಂಡ ಮುಖ ಇನ್ನೂ ಬಂದಿಲ್ಲವಲ್ಲ ಎಂದು ಕಾಯುತ್ತಿದ್ದ, ಅಷ್ಟೆ. ಹುಡುಗಿಯರು ಫಲಕ ನೋಡಿ ಮುಂದೆ ಹೋಗುತ್ತಿದ್ದರು. ಒಬ್ಬ ವಿದ್ಯಾರ್ಥಿನಿಯ ಜೊತೆ ಬಂದಿದ್ದ ತಾಯಿ ಮಾತ್ರ ಪರದೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಬುಟ್ಟಿ ಹೊತ್ತ ಸೀತು ಸಂತೆಯಲ್ಲಿ ನಡೆಯುವ ದೃಶ್ಯ ಅದು. ಕತ್ತು ಅಲ್ಲಾಡದೆ, ಸಿಂಬೆಯ ಮೇಲೆ ಕೂತ ಬುಟ್ಟಿಗೆ ಒಂದೇ ಕೈ ಆನಿಸಿ, ಇನ್ನೊಂದು ಕೈ ಬೀಸುತ್ತ ನಡೆಯುವ ನಡಿಗೆ. "ಇವಳು ನಮ್ಮವಳೇ" ಎಂದರು. ಫಲಕದ ಮೇಲೆ ಇವಳು ಯಾಕಿಲ್ಲ ಎಂದು ಅವರು ಕೇಳಲಿಲ್ಲ. ಫಲಕದಲ್ಲಿದ್ದ ಬೆನ್ನು ಇವಳದ್ದೇ ಎಂದು ಅವರಿಗೆ ಹೊಳೆದೇ ಇರಲಿಲ್ಲ.

ಮೇಳ ಮುಗಿದಾಗ ಆಟವನ್ನು ಇಷ್ಟಪಟ್ಟಿಗೆ, ಅಂದರೆ ಮುಂದೆ ಕೊಳ್ಳಲು ಗುರುತಿಟ್ಟುಕೊಳ್ಳುವ ಪಟ್ಟಿಗೆ, ಸೇರಿಸಿಕೊಂಡವರ ಸಂಖ್ಯೆ ನಿರೀಕ್ಷೆಗಿಂತ ಬಹಳ ಕೆಳಗಿತ್ತು. ಪ್ರಕಾಶಕರು ಇದನ್ನು ತಮ್ಮ ಮಾತಿಗೆ ಸಿಕ್ಕ ಪುರಾವೆಯೆಂದೇ ಓದಿದರು. ಹೆಣ್ಣು ಇನ್ನೂ ಕಾಣಿಸುತ್ತಿದ್ದಾಳೆ, ಅವಳನ್ನು ಪೂರ್ತಿ ತೆಗೆಯಿರಿ, ಇಲ್ಲವೇ ವಯಸ್ಸು ಇಳಿಸಿದ ಚಿತ್ರವನ್ನಾದರೂ ಮಾಡಿ ತೋರಿಸಿ ಎಂದರು.

ಅಕ್ಕ ಅದನ್ನೂ ಮಾಡಿದರು. ಒಂದೇ ಸಂಜೆಯಲ್ಲಿ. ಇಪ್ಪತ್ತರ ಹುಡುಗಿ, ನುಣುಪಾದ ಕೆನ್ನೆ, ಗಾಳಿಗೆ ಹಾರುವ ಬಿಚ್ಚುಗೂದಲು. ಮೊಣಕಾಲ ಕೆಳಗೆ ಗಟ್ಟಿಯಾಗಿ ಸಿಕ್ಕಿಸಿದ್ದ ಸೀರೆ ಈಗ ಸೊಂಟ ಕಾಣುವಂತೆ ಜಾರಿತ್ತು. ನನಗೆ ಹೆಚ್ಚು ಕಾಡಿದ್ದು ಕೈ. ಹಳೆಯ ಚಿತ್ರದಲ್ಲಿ ಹುಟ್ಟು ಹಿಡಿದ ಬಲಗೈಯ ಹೆಬ್ಬೆರಳ ಬುಡದಲ್ಲಿ ಮೀನು ಕತ್ತರಿಸುವಾಗ ಆದ ಹಳೆಯ ಗಾಯದ ಗುರುತೊಂದು ಓರೆಯಾಗಿ ಹಾದುಹೋಗಿತ್ತು, ಉಗುರುಗಳು ಗಿಡ್ಡವಾಗಿದ್ದವು. ಹೊಸ ಚಿತ್ರದ ಕೈಗೆ ಹುಟ್ಟಿನ ಭಾರವೇ ಗೊತ್ತಿರಲಿಲ್ಲ. 1996ರ 'ಟೂಂಬ್ ರೈಡರ್' ಆಟದ ಲಾರಾ ಕ್ರಾಫ್ಟ್‌ಳನ್ನು ರೂಪಿಸಿದ ಟೋಬಿ ಗಾರ್ಡ್, ಪ್ರಚಾರದವರು ಅವಳನ್ನು ತೋರಿಸುತ್ತಿದ್ದ ರೀತಿ ಒಗ್ಗದೆ ಮರುವರ್ಷವೇ ಆ ಸಂಸ್ಥೆಯನ್ನು ಬಿಟ್ಟದ್ದನ್ನು ನಾನು ಓದಿದ್ದೆ. ಅಂದು ಸಂಜೆ ಅಕ್ಕನ ಮುಖ ನೋಡಿದಾಗ ಆ ಸಂಗತಿ ಬರೀ ಓದಿನ ಸಂಗತಿಯಾಗಿ ಉಳಿಯಲಿಲ್ಲ.

ತಿರುವು

ತಿರುವು ಬಂದದ್ದು ತಂಡದಲ್ಲಿ ಎಲ್ಲರಿಗಿಂತ ಕಿರಿಯನಾದ ಪ್ರೋಗ್ರಾಮರನಿಂದ. ಅವನು ಅಲ್ಲಿಯವರೆಗೆ ಆಗಿದ್ದ ಮುಖಚಿತ್ರಗಳನ್ನೆಲ್ಲ ಅಂಗಡಿಯ ಸಾಲಿನಲ್ಲಿ ಕಾಣುವಷ್ಟೇ ಚಿಕ್ಕದು ಮಾಡಿ ಪಕ್ಕಪಕ್ಕದಲ್ಲಿ ಇಟ್ಟು ಎಲ್ಲರನ್ನೂ ಕರೆದ. ಅಷ್ಟು ಚಿಕ್ಕದಾದಾಗ ಅಣ್ಣನ ಮುಖ ಚಿತ್ರದ ಮೂರನೇ ಒಂದು ಭಾಗದಷ್ಟಿತ್ತು, ಎಡಗಡೆಯಿಂದ ಬೆಳಕು ಬಿದ್ದಿತ್ತು, ಕಣ್ಣುಗಳು ನೇರ ನಮ್ಮತ್ತ ನೋಡುತ್ತಿದ್ದವು. ಸೀತು ಒಂದು ಕಪ್ಪು ಗೀರು. ನಮ್ಮ ಅತ್ಯಂತ ಹಳೆಯ ಚಿತ್ರದಲ್ಲಿಯೂ, ಅಣ್ಣ ಇಲ್ಲದ ಚಿತ್ರದಲ್ಲಿಯೂ, ಅವಳು ಕಡಲಿನತ್ತ ಮುಖ ಮಾಡಿಯೇ ನಿಂತಿದ್ದಳು. "ಸರ್, ನಾವು ಅವಳ ಮುಖವನ್ನು ಒಮ್ಮೆಯೂ ತೋರಿಸಿಲ್ಲ. ಮತ್ತೆ ಮುಖ ಓಡುವುದಿಲ್ಲ ಅಂತ ಹೇಗೆ ಹೇಳುವುದು?" ಎಂದ.

ಆ ಪ್ರಶ್ನೆಯ ಜಾಡು ಹಿಡಿದು ಹುಡುಕಿದಾಗ, ಇದೇ ತಪ್ಪು ಇಡೀ ಉದ್ಯಮದ ಮಟ್ಟದಲ್ಲಿಯೂ ನಡೆದಿರುವುದು ಕಣ್ಣಿಗೆ ಬಿತ್ತು. 2012ರಲ್ಲಿ ಈಡಾರ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ ಮುಖ್ಯ ಪಾತ್ರದ ಲಿಂಗ ಸ್ಪಷ್ಟವಾಗಿದ್ದ 669 ಆಟಗಳನ್ನು ಪರಿಶೀಲಿಸಿತ್ತು. ಅವುಗಳಲ್ಲಿ ಹೆಣ್ಣೇ ಏಕೈಕ ನಾಯಕಿಯಾಗಿದ್ದವು 24. ಅಂಥ ಆಟಗಳಿಗೆ ಸಿಕ್ಕ ಪ್ರಚಾರದ ಹಣ ಗಂಡು ನಾಯಕರ ಆಟಗಳಿಗೆ ಸಿಕ್ಕದ್ದರ ಶೇಕಡಾ 40 ಮಾತ್ರ. ಮಾರಾಟ ಕಡಿಮೆಯಾದಾಗ ಅದರ ಕಾರಣವನ್ನು ನಾಯಕಿಯಲ್ಲಿ ಹುಡುಕಬೇಕೋ, ಪ್ರಚಾರದಲ್ಲಿ ಹುಡುಕಬೇಕೋ ಎಂಬುದನ್ನು ಆ ಲೆಕ್ಕದಿಂದ ಬಿಡಿಸಿ ಹೇಳಲು ಸಾಧ್ಯವೇ ಇಲ್ಲ. ಇನ್ನೊಂದು ಕಡೆ, 2017ರ 'ಹೊರೈಜನ್ ಜೀರೋ ಡಾನ್' ಆಟದ ನಾಯಕಿ ಏಲಾಯ್ ಬಗ್ಗೆ ಅದರ ಪ್ರಕಾಶಕರಾದ ಸೋನಿಯೊಳಗೇ ಆತಂಕವಿದ್ದು ಮಾರುಕಟ್ಟೆ ಪರೀಕ್ಷೆಗಳೂ ನಡೆದಿದ್ದವು. ಕೊನೆಗೆ ಏಲಾಯ್‌ಳನ್ನೇ ಮುಂದಿಟ್ಟು ಪೂರ್ಣ ಪ್ರಮಾಣದ ಪ್ರಚಾರ ಮಾಡಿದರು, 2019ರ ಆರಂಭದ ಹೊತ್ತಿಗೆ ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ನಮ್ಮ ದೇಶದ್ದೇ ಉದಾಹರಣೆಯಾಗಿ ಅಕ್ಕ ನೆನಪಿಸಿದ್ದು ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ 'ರಾಜಿ'ಯನ್ನು. ಅಲ್ಲಿ ರಾಜಿ ಎಂಬ ಹುಡುಗಿ ತಮ್ಮನನ್ನು ಹುಡುಕಿ ಹೊರಡುತ್ತಾಳೆ. ಮುಖಚಿತ್ರದಲ್ಲಿ ನಿಂತಿರುವವಳೂ ಅವಳೇ.

ಹಾಗಾಗಿ ಸಮನಾದ ಪರೀಕ್ಷೆಯೊಂದನ್ನು ಮಾಡುವುದೆಂದು ತೀರ್ಮಾನವಾಯಿತು. ಸ್ಟೀಮ್‌ನಲ್ಲಿ ಎರಡು ಚಿತ್ರಗಳನ್ನು ಏಕಕಾಲಕ್ಕೆ ಬೇರೆ ಬೇರೆ ಜನರಿಗೆ ತೋರಿಸಿ ಹೋಲಿಸುವ ವ್ಯವಸ್ಥೆ ನಮಗಿರಲಿಲ್ಲ. ಗೂಗಲ್ ಪ್ಲೇಯಲ್ಲಿ ಅಂಥ ಸೌಲಭ್ಯವಿದೆ. ಈಗಿರುವ ಚಿತ್ರದ ಎದುರು ಇನ್ನೂ ಮೂರನ್ನು ಇಟ್ಟು ನೋಡಬಹುದು. ಮೊದಲ ಅಧ್ಯಾಯವನ್ನು ಮೊಬೈಲಿಗೆ ಒಗ್ಗಿಸಿ ಉಚಿತವಾಗಿ ಬಿಟ್ಟೆವು. ಅಕ್ಕ ನಾಲ್ಕು ಚಿತ್ರ ಬಿಡಿಸಿದರು: ಮೂವತ್ತೈದರ ಸೀತು, ಅಣ್ಣ, ಇಬ್ಬರೂ ಜೊತೆಗೆ, ಮತ್ತು ಇಪ್ಪತ್ತರ ಸೀತು. ಒಂದೇ ಬೆಳಕು, ಒಂದೇ ಅಳತೆಯ ಮುಖ, ಒಂದೇ ದೋಣಿ, ಹಿಂದೆ ಅದೇ ಮಳೆಮೋಡ. ಅಣ್ಣನ ಚಿತ್ರವನ್ನು ಬೇಕೆಂದೇ ಸಪ್ಪೆ ಮಾಡಬಾರದೆಂದು ಅದನ್ನು ಸ್ಥಾಪಕರ ಒಪ್ಪಿಗೆ ಪಡೆದ ಮೇಲೆಯೇ ಹಾಕಿದರು. ಸೀತುವಿನ ಮುಖವನ್ನು ಎದುರಿನಿಂದ ಬಿಡಿಸುವಾಗ ಅವರಿಗೆ ತೊಡಕಾಯಿತು. ಮೂರು ವರ್ಷ ಅವಳನ್ನು ಬಿಡಿಸಿದ್ದರೂ ಅವಳು ನೇರ ನಮ್ಮನ್ನು ನೋಡಿದರೆ ಹೇಗಿರುತ್ತಾಳೆ ಎಂದು ತಾನೂ ಯೋಚಿಸಿರಲಿಲ್ಲ ಎಂದರು. ಕೊನೆಗೆ ಬಂದ ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬೆಲೆ ಇಳಿಸಿ ಕೇಳುವ ಗಿರಾಕಿಯನ್ನು ಅಳೆಯುವ ನೋಟವಿತ್ತು.

ಪರೀಕ್ಷೆಯ ಫಲ

ಮೂವತ್ತೈದರ ಸೀತು ಮತ್ತು ಅಣ್ಣನ ಚಿತ್ರಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದ್ದ ಅಂತರ ಪರೀಕ್ಷೆಯೇ ತೋರಿಸುವ ಅನಿಶ್ಚಿತತೆಯ ಒಳಗಿತ್ತು. ಇಬ್ಬರೂ ಇದ್ದ ಚಿತ್ರ ಎಲ್ಲಕ್ಕಿಂತ ಹಿಂದೆ ಬಿತ್ತು, ಏಕೆಂದರೆ ಚಿಕ್ಕದಾದಾಗ ಇಬ್ಬರೂ ಕಾಣುತ್ತಿರಲಿಲ್ಲ. ಇಪ್ಪತ್ತರ ಸೀತುವಿನ ಚಿತ್ರ ನೋಡಿ ಇಳಿಸಿಕೊಂಡವರು ಕಡಿಮೆಯೇನಿರಲಿಲ್ಲ, ಆದರೆ ಒಂದು ದಿನ ಕಳೆದ ಮೇಲೂ ಆಟವನ್ನು ಉಳಿಸಿಕೊಂಡವರಲ್ಲಿ ಅದೇ ಚಿತ್ರದಿಂದ ಬಂದವರು ಕಡಿಮೆ. ಹೊರಗೆ ಕಂಡವಳು ಒಳಗೆ ಸಿಗದಿದ್ದಾಗ ಜನ ಎದ್ದು ಹೋಗುತ್ತಾರೆ ಎಂದು ನಾನು ಅದನ್ನು ಓದಿದೆ. ನಮ್ಮಲ್ಲಿಗೆ ಬಂದ ಜನ ಕೆಲವೇ ಮಂದಿ, ಅದೂ ಮೊಬೈಲಿನಲ್ಲಿ; ಆದ್ದರಿಂದ ಈ ಫಲವನ್ನು ಎಲ್ಲ ಆಟಗಳಿಗೂ ಹಿಗ್ಗಿಸಿ ಹೇಳುವ ಧೈರ್ಯ ನನಗಿಲ್ಲ. ನಾಯಕಿ ಮುಂದೆ ನಿಂತರೆ ಜನ ಹೆಚ್ಚು ಬರುತ್ತಾರೆ ಎಂದು ಅದು ತೋರಿಸಲಿಲ್ಲ. ಅವಳನ್ನು ಹಿಂದೆ ಸರಿಸಲು ಕೊಟ್ಟ ಕಾರಣಕ್ಕೆ ಆಧಾರವಿರಲಿಲ್ಲ ಎಂದು ಮಾತ್ರ ತೋರಿಸಿತು. ನಮಗೆ ಅಷ್ಟು ಸಾಕಾಗಿತ್ತು.

ಈ ಫಲವನ್ನು ಪ್ರಕಾಶಕರ ಮುಂದಿಟ್ಟಾಗ ಅವರ ಪ್ರತಿನಿಧಿ ತಾಳ್ಮೆಯಿಂದಲೇ ಕೇಳಿದರು. ಮುಖಚಿತ್ರ ಸೀತುವಿನದ್ದೇ ಇರಲಿ ಎಂದರು. ಎರಡು ವಾರದ ನಂತರ ಬಂದ ಒಪ್ಪಂದದ ಕರಡಿನಲ್ಲಿ ಪ್ರಚಾರದ ಮೊತ್ತ ಮೊದಲು ಹೇಳಿದ್ದಕ್ಕಿಂತ ಕಡಿಮೆಯಾಗಿತ್ತು, ಮತ್ತು ಪ್ರಚಾರ ಸಾಮಗ್ರಿಯ ಕೊನೆಯ ಒಪ್ಪಿಗೆ ಪ್ರಕಾಶಕರದ್ದೇ ಎಂಬ ಕಲಮು ಹಾಗೆಯೇ ಉಳಿದಿತ್ತು. ಆ ಕಲಮನ್ನು 'ಇಬ್ಬರ ಲಿಖಿತ ಒಪ್ಪಿಗೆ' ಎಂದು ತಿದ್ದಲು ಸ್ಥಾಪಕರೇ ಕೇಳಿದರು. ಪ್ರಕಾಶಕರು ಒಪ್ಪಲಿಲ್ಲ. ಸ್ಥಾಪಕರು ಸಹಿ ಹಾಕಲಿಲ್ಲ. ಮಾರ್ಚ್‌ನಲ್ಲಿ ಒಂದು ಚಿತ್ರ ಅಲ್ವಾ ಎಂದಿದ್ದ ಅದೇ ಮನುಷ್ಯ ಈ ನಿರ್ಧಾರ ತೆಗೆದುಕೊಂಡರು ಎಂಬುದನ್ನು ಇಲ್ಲಿ ಗೌರವದಿಂದ ದಾಖಲಿಸುತ್ತೇನೆ.

ಅದರ ಬೆಲೆಯನ್ನು ಮುಚ್ಚಿಡುವುದು ಸರಿಯಲ್ಲ. ಮುಂಗಡ ಇಲ್ಲದ್ದರಿಂದ ಮತ್ತೆ ಎಂಟು ತಿಂಗಳು ಬೇರೆಯವರ ಕೆಲಸ ಮಾಡಬೇಕಾಯಿತು. ಆ ಅವಧಿಯಲ್ಲಿ ಇಬ್ಬರು ಬೆಂಗಳೂರಿನ ಕೆಲಸಕ್ಕೆ ಹೋದರು. ಚಿತ್ರಗಳನ್ನು ಚಿಕ್ಕದು ಮಾಡಿ ತೋರಿಸಿದ ಆ ಹುಡುಗ ಅವರಲ್ಲಿ ಒಬ್ಬ. ಆಟವನ್ನು ಸಂಸ್ಥೆ ತಾನೇ ಬಿಡುಗಡೆ ಮಾಡಿತು. ಖರ್ಚು ಹುಟ್ಟಿತು, ದೊಡ್ಡ ಲಾಭ ಬರಲಿಲ್ಲ. ಅಣ್ಣನ ಚಿತ್ರ ಹಾಕಿದ್ದರೆ ಮೊದಲ ವಾರದಲ್ಲಿ ಇನ್ನಷ್ಟು ಪ್ರತಿ ಹೋಗುತ್ತಿತ್ತೇನೋ ಎಂದು ಸ್ಥಾಪಕರು ಈಗಲೂ ಒಮ್ಮೊಮ್ಮೆ ಹೇಳುವುದುಂಟು. ಆಟ ಆಡಿದವರ ಅಭಿಪ್ರಾಯಗಳಲ್ಲಿ ಮಾತ್ರ ಅಣ್ಣ ಯಾವಾಗ ಸಿಗುತ್ತಾನೆ ಎಂಬ ಪ್ರಶ್ನೆ ಕಾಣಲಿಲ್ಲ.

ಇಂಥದೇ ಸ್ಥಿತಿಯಲ್ಲಿರುವ ತಂಡಗಳಿಗೆ ನಾನು ಹೇಳಬಹುದಾದದ್ದು ಸ್ವಲ್ಪವೇ. ಒಪ್ಪಂದದ ಹಣದ ಸಾಲುಗಳನ್ನು ಓದುವ ಮೊದಲು ಪ್ರಚಾರ ಸಾಮಗ್ರಿಯ ಒಪ್ಪಿಗೆ ಯಾರದ್ದು ಎಂಬ ಸಾಲನ್ನು ಓದಿ, ಏಕೆಂದರೆ ಆಟದೊಳಗೆ ಕೈಹಾಕುವುದಿಲ್ಲ ಎಂಬ ಭರವಸೆ ಆಟದ ಬಾಗಿಲಿಗೆ ಅನ್ವಯಿಸುವುದಿಲ್ಲ. ನೆಕ್ಸ್ಟ್ ಫೆಸ್ಟ್‌ನಂಥ ಒಮ್ಮೆ ಮಾತ್ರ ಸಿಗುವ ಅವಕಾಶಕ್ಕೆ ರಾಜಿಯ ಚಿತ್ರವನ್ನು ಕಳಿಸಬೇಡಿ. ಮುಂದಿನ ಮೇಳದವರೆಗೆ ಕಾಯಿರಿ. ಹೆಣ್ಣು ಪಾತ್ರ ಓಡುವುದಿಲ್ಲ ಎಂದು ಯಾರಾದರೂ ಅಂಕಿ ತೋರಿಸಿದರೆ, ಆ ಅಂಕಿ ಬಂದ ಚಿತ್ರದಲ್ಲಿ ಅವಳ ಮುಖ ಎಷ್ಟು ದೊಡ್ಡದಿತ್ತು, ಬೆಳಕು ಯಾರ ಮೇಲಿತ್ತು, ಹಣ ಎಷ್ಟು ಸುರಿದಿದ್ದರು ಎಂದು ಕೇಳಿ. ತಂಡದಲ್ಲಿ ಆ ಬದುಕನ್ನು ಬಲ್ಲವರು ಒಬ್ಬರೇ ಇದ್ದು, ವಾದದ ಪೂರ್ತಿ ಭಾರ ಅವರೊಬ್ಬರ ಮೇಲೆ ಬೀಳುತ್ತಿದ್ದರೆ, ಉಳಿದವರು ಮಾತಾಡಬೇಕು. ಮಾರ್ಚ್‌ನಿಂದ ಜೂನ್‌ವರೆಗೆ ನಾನು ಮಾತಾಡಲಿಲ್ಲ.

ನನ್ನ ವಾಕ್ಯವನ್ನು ಬಿಡುಗಡೆಗೆ ಮೊದಲೇ ತಿದ್ದಿದೆ. ಈಗ ಪುಟದ ಮೊದಲ ಸಾಲು 'ಸೀತು ಅಪ್ಪನ ದೋಣಿಯನ್ನು ನೀರಿಗೆ ಇಳಿಸುತ್ತಾಳೆ' ಎಂದು ಶುರುವಾಗುತ್ತದೆ. ಟ್ರೇಲರ್ ಮಾತ್ರ ಗಡಿಬಿಡಿಯಲ್ಲಿ ಎಲ್ಲರ ಕಣ್ಣು ತಪ್ಪಿ ಹಳೆಯದೇ ಉಳಿದುಬಿಟ್ಟಿತ್ತು. ಬಿಡುಗಡೆಯಾಗಿ ಮೂರು ವಾರವಾದ ಮೇಲೆ ಅಕ್ಕ ಗಮನಿಸಿ, ಆರಂಭದಲ್ಲಿದ್ದ ಅಣ್ಣನ ದನಿಯನ್ನು ತೆಗೆಸಿ, ಆ ಜಾಗದಲ್ಲಿ ಹುಟ್ಟು ನೀರಿಗೆ ಬೀಳುವ ಸದ್ದನ್ನು ಹಾಕಿಸಿದರು.